ರಿಸರ್ವ್ ಬ್ಯಾಂಕಿನ ಸ್ಮರಣಾರ್ಥ ನಾಣ್ಯಗಳು: ಒಂದು ಚಾರಿತ್ರಿಕ ಅವಲೋಕನ

ನಾಣ್ಯವನ್ನು ಟಂಕಿಸುವ ಅಧಿಕಾರವು ಪ್ರಾಚೀನ ಕಾಲದಿಂದಲೂ ಪ್ರಭುತ್ವದ ಲಕ್ಷಣವೆಂದು ಪರಿಗಣಿತವಾಗಿದೆ. ಭಾರತೀಯ ರಿಸರ್ವ್ ಬ್ಯಾಂಕಿನ ಗೌರವಾರ್ಥ 1985, 2010 ಮತ್ತು 2024ರಲ್ಲಿ ಹೊರಬಂದ ನಾಣ್ಯಗಳನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಉಚಿತ.

1926ರ ಹಿಲ್ಟನ್ ಯಂಗ್ ಆಯೋಗದ ಶಿಫಾರಸಿನ ತರುವಾಯ 1934ರ ಅಧಿನಿಯಮದ ಮೇರೆಗೆ ಬ್ಯಾಂಕು 1935ರ ಏಪ್ರಿಲ್ 1ರಂದು ಕಾರ್ಯಾರಂಭ ಮಾಡಿತು. 5 ಕೋಟಿ ರೂಪಾಯಿಗಳ ಬಂಡವಾಳದ ಈ ಷೇರುದಾರರ ಸಂಸ್ಥೆ 1949ರ ಜನವರಿ 1ರಂದು ರಾಷ್ಟ್ರೀಕೃತವಾಯಿತು. ಒಂದು ರೂಪಾಯಿಯ ನೋಟನ್ನುಳಿದು ಮಿಕ್ಕ ನೋಟುಗಳನ್ನು ಹೊರಡಿಸುವ ಹಕ್ಕು ಬ್ಯಾಂಕಿನದು. ನಾಣ್ಯಗಳ ಹಕ್ಕು ಮಾತ್ರ 1906ರ ಹಾಗೂ ಅದರ ಸ್ಥಾನಕ್ಕೆ ಬಂದ 2011ರ ನಾಣ್ಯ ಕಾಯಿದೆಗಳನ್ವಯ ಕೇಂದ್ರ ಸರ್ಕಾರದ್ದು. ನಾಣ್ಯಗಳನ್ನು ಚಲಾವಣೆಗೆ ತರುವುದಷ್ಟೇ ಬ್ಯಾಂಕಿನ ಕಾರ್ಯ. ಮೈಸೂರಿನ ನೋಟು ಮುದ್ರಣಾಲಯವು ಬ್ಯಾಂಕು 1995ರಲ್ಲಿ ಸ್ಥಾಪಿಸಿದ ಅಂಗಸಂಸ್ಥೆಗೆ ಸೇರಿದ್ದರೆ, ಟಂಕಸಾಲೆಗಳು ಸರ್ಕಾರದ ನಿಗಮಕ್ಕೆ ಸೇರಿರುವುದು ಈ ವಿಭಜನೆಯ ಕುರುಹು. ಹೀಗಾಗಿ ಬ್ಯಾಂಕಿನ ಹೆಸರಿನ ನಾಣ್ಯವು ಬ್ಯಾಂಕು ತನಗೆ ತಾನೇ ಸಲ್ಲಿಸಿಕೊಂಡ ಗೌರವವಲ್ಲ. ಪ್ರಭುತ್ವವು ನೀಡಿದ ಮನ್ನಣೆ.

ನಾಣ್ಯಗಳ ಮೇಲಿನ ಲಾಂಛನಕ್ಕೂ ನಾಣ್ಯಮೂಲದ ಇತಿಹಾಸವಿದೆ. ಈಸ್ಟ್ ಇಂಡಿಯಾ ಕಂಪನಿಯ ಜೋಡಿ ಮೊಹರಿನಲ್ಲಿದ್ದ ಸಿಂಹ ಮತ್ತು ತಾಳೆಮರದ ವಿನ್ಯಾಸವನ್ನು ಆಧರಿಸಿ, ಸಿಂಹದ ಬದಲು ಭಾರತಕ್ಕೆ ಹೆಚ್ಚು ವಿಶಿಷ್ಟವಾದ ಹುಲಿಯನ್ನು ಅಳವಡಿಸಲಾಯಿತು. ನಾಣ್ಯದಿಂದ ಮುದ್ರೆಗೆ ಬಂದ ಆಕೃತಿ ಮುದ್ರೆಯಿಂದ ಮತ್ತೆ ನಾಣ್ಯಕ್ಕೆ ಮರಳಿತು.

ಸುವರ್ಣ ಮಹೋತ್ಸವದ ಅಂಗವಾಗಿ 1985ರಲ್ಲಿ ಬಂದ 50 ಪೈಸೆಯ ನಾಣ್ಯ ಜನಸಾಮಾನ್ಯರ ಕೈಗಳಲ್ಲಿ ಹರಿದಾಡಿತು. 2010ರ ಪ್ಲಾಟಿನಂ ಮಹೋತ್ಸವದಲ್ಲಿ 1, 2, 5 ಮತ್ತು 10 ರೂಪಾಯಿಗಳ ನಾಣ್ಯಗಳೊಂದಿಗೆ ಸಂಗ್ರಾಹಕರಿಗೆಂದೇ 75 ರೂಪಾಯಿಯ ಬೆಳ್ಳಿಮಿಶ್ರಿತ ನಾಣ್ಯವೂ ಹೊರಬಂದಿತು. 2024ರ ಏಪ್ರಿಲ್ 1ರಂದು ಮುಂಬಯಿಯಲ್ಲಿ ಪ್ರಧಾನಮಂತ್ರಿ ಬಿಡುಗಡೆ ಮಾಡಿದ 90 ರೂಪಾಯಿಯ ಬೆಳ್ಳಿನಾಣ್ಯವಂತೂ ಚಲಾವಣೆಗಾಗಿ ರೂಪುಗೊಂಡುದಲ್ಲ.

ಲೋಹದ ಮೌಲ್ಯ ಏರಿದಂತೆ ಸ್ಮರಣೆಯ ವ್ಯಾಪ್ತಿ ಕುಗ್ಗಿತೆಂಬುದು ಇಲ್ಲಿ ಗಮನಾರ್ಹ. ಪೆಟ್ಟಿಗೆಯಲ್ಲಿ ಭದ್ರವಾಗುವ ಬೆಳ್ಳಿನಾಣ್ಯ ಪ್ರಭುತ್ವದ ಮನ್ನಣೆಯನ್ನು ದಾಖಲಿಸುತ್ತದೆ, ನಿಜ. ಆದರೆ ಸಂಸ್ಥೆಯೊಂದರ ನೆನಪನ್ನು ಸಂತೆಯವರೆಗೆ ಒಯ್ದದ್ದು ಸವೆದುಹೋದ ಆ 50 ಪೈಸೆಯೇ. ಆದ್ದರಿಂದ ನಾಣ್ಯಶಾಸ್ತ್ರದ ಅಧ್ಯಯನದಲ್ಲಿ ಹೊಳೆಯುವ ನಾಣ್ಯಗಳಷ್ಟೇ ಸವೆದ ನಾಣ್ಯಗಳೂ ಆಕರಗಳೆಂದು ಸಂಗ್ರಹಾರ್ಹವಾಗಿವೆ.