ಜಲಪಾತದಲ್ಲಿ ಕಾದ ಅಣ್ಣ

ತೊಂಬತ್ತರ ದಶಕದ ಒಂದು ಬೇಸಿಗೆ ರಜೆಯಲ್ಲಿ ನಮ್ಮ ಮನೆಗೆ ಬಂದ ವಿಡಿಯೋ ಗೇಮ್, ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ತಂದ ಫ್ಯಾಮಿಕಾಮ್‌ನ ನಕಲು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಗ ಗೊತ್ತಿದ್ದದ್ದು ಎರಡೇ ಹೆಸರು: ಮಾರಿಯೊ, ಕಾಂಟ್ರಾ.

1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಇಡಿಯಾಗಿ 40 ಕಿಲೋಬೈಟಿನ ಆಟ. ಜಾಗ ಸಾಲದೆ ಮೋಡದ ಚಿತ್ರಕ್ಕೇ ಹಸಿರು ಬಳಿದು ಪೊದೆ ಮಾಡಿದ್ದರು. ನಮಗದು ಕಾಣಲೇ ಇಲ್ಲ. ಇಬ್ಬರು ಆಡಿದರೂ ಅದು ಸರದಿಯ ಆಟ. ಅಣ್ಣನ ಮಾರಿಯೊ ಸತ್ತರಷ್ಟೇ ನನ್ನ ಲೂಯಿಜಿಗೆ ಜೀವ. ಅಣ್ಣ ಗುಂಡಿಗೆ ಬೀಳಲೆಂದು ಮನಸ್ಸಿನಲ್ಲೇ ಹರಕೆ ಹೊರುತ್ತಿದ್ದೆ.

1988ರಲ್ಲಿ ಈ ಯಂತ್ರಕ್ಕೆ ಬಂದ ಕೊನಾಮಿಯ ‘ಕಾಂಟ್ರಾ’ದಲ್ಲಿ ಇಬ್ಬರೂ ಒಟ್ಟಿಗೆ ಓಡಬಹುದಿತ್ತು. ಗುಟ್ಟಿನ ಗುಂಡಿಗಳನ್ನು ಕ್ರಮವಾಗಿ ಒತ್ತಿದರೆ 30 ಜೀವ. ಆದರೆ ಮೂರನೆಯ ಹಂತದ ಜಲಪಾತದಲ್ಲಿ ಮುಂದಿನವನು ಅವಸರದಿಂದ ಹತ್ತಿದರೆ ಪರದೆ ಮೇಲೇರಿ, ಹಿಂದುಳಿದವನು ಸಾಯುತ್ತಾನೆ. ಎರಡು ದಿನ ಅಣ್ಣನ ಹತ್ತಿರ ಮಾತು ಬಿಟ್ಟಿದ್ದೆ. ಮೂರನೆಯ ದಿನ ಅವನು ಒಂದು ಬಂಡೆಯ ಮೇಲೆ ನಿಂತು, “ಬಾರೋ, ನಿಧಾನಕ್ಕೆ ಬಾ” ಎಂದ.

ಉಳಿದ ಹಂತಗಳು ಈಗ ಮಸುಕು. ಆ ಬಂಡೆ ಎಲ್ಲಿತ್ತೆಂದು ಮಾತ್ರ ಇವತ್ತಿಗೂ ತೋರಿಸಬಲ್ಲೆ.