ದಾನಿವೀರ್ಯದಿಂದ ಗರ್ಭಧಾರಣೆ: ಯಶಸ್ಸಿನ ಕಾರಣಗಳ ಚಾರಿತ್ರಿಕ ವಿವೇಚನೆ

ಪತಿಯಲ್ಲಿ ವೀರ್ಯಾಣುಗಳಿಲ್ಲದಿರುವಾಗ ಅನ್ಯಪುರುಷನು ದಾನಮಾಡಿದ ವೀರ್ಯದಿಂದ ಸ್ತ್ರೀಯು ಗರ್ಭ ಧರಿಸುವಂತೆ ಮಾಡುವ ಚಿಕಿತ್ಸೆಯು ಕೇವಲ ವೈದ್ಯಶಾಸ್ತ್ರದ ವಿಷಯವೆಂದು ಸಾಮಾನ್ಯವಾಗಿ ಭಾವಿಸಲಾಗಿದೆ. ಆದರೆ ಅದು ಯಾವಾಗ ಫಲಿಸಿತು, ಏಕೆ ಫಲಿಸಿತು, ಫಲವೆಂದು ಯಾವುದನ್ನು ಎಣಿಸಲಾಯಿತು ಎಂಬ ಪ್ರಶ್ನೆಗಳು ಇತಿಹಾಸಕ್ಕೂ ಸೇರಿದವು. ಪ್ರಸ್ತುತ ಲೇಖನದಲ್ಲಿ ಕಾಲ, ಶೇಖರಣೆ, ವಯಸ್ಸು ಎಂಬ ಮೂರು ಕಾರಣಗಳನ್ನು ಮಾತ್ರ ನಾವು ವಿಚಾರಕ್ಕೆ ತೆಗೆದುಕೊಂಡಿದ್ದೇವೆ.

ಮೊದಲನೆಯದು ಕಾಲ. ಅಮೆರಿಕದ ಶಸ್ತ್ರವೈದ್ಯ ಮೇರಿಯನ್ ಸಿಮ್ಸ್ ೧೮೬೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಆರು ಮಂದಿ ಸ್ತ್ರೀಯರಲ್ಲಿ ಪತಿಯ ವೀರ್ಯದಿಂದಲೇ ೫೫ ಬಾರಿ ನಡೆಸಿದ ಪ್ರಯೋಗಗಳನ್ನು ವರ್ಣಿಸಿದ್ದಾನೆ. ಗರ್ಭ ನಿಂತದ್ದು ಒಮ್ಮೆ ಮಾತ್ರ, ಅದೂ ಸ್ರವಿಸಿಹೋಯಿತು. ಅಂಡವು ಋತುಸ್ರಾವದ ಆಸುಪಾಸಿನಲ್ಲಿಯೇ ಬಿಡುಗಡೆಯಾಗುವುದೆಂಬುದು ಆ ಕಾಲದ ತಪ್ಪು ನಂಬಿಕೆಯಾಗಿದ್ದಿತು. ಆದುದರಿಂದ ಈ ಸೋಲಿಗೆ ಕೈಚಳಕದ ಕೊರತೆಗಿಂತ ಶರೀರಜ್ಞಾನದ ಕೊರತೆಯೇ ಹೆಚ್ಚು ಕಾರಣವೆನ್ನಬಹುದು. ೧೯೨೦ರ ದಶಕದಲ್ಲಿ ಜಪಾನಿನ ಒಗಿನೊ, ಆಸ್ಟ್ರಿಯದ ಕ್ನೌಸ್ ಇವರು ಪ್ರತ್ಯೇಕವಾಗಿ ಸಂಶೋಧನೆ ನಡೆಸಿ, ಅಂಡವು ಮುಂದಿನ ಋತುಸ್ರಾವಕ್ಕೆ ಸುಮಾರು ಎರಡು ವಾರ ಮೊದಲು ಬಿಡುಗಡೆಯಾಗುತ್ತದೆಂದು ತೋರಿಸಿದರು. ಅಲ್ಲಿಂದ ಮುಂದೆ ವೈದ್ಯರಿಗೆ ದಿನವನ್ನು ಆರಿಸಿಕೊಳ್ಳಲು ಆಧಾರ ದೊರೆಯಿತು.

ಎರಡನೆಯದು ಶೇಖರಣೆ. ೧೯೪೯ರಲ್ಲಿ ಇಂಗ್ಲೆಂಡಿನ ಪೋಲ್ಜ್, ಸ್ಮಿತ್, ಪಾರ್ಕ್ಸ್ ಇವರು ಗ್ಲಿಸರಾಲ್ ಬೆರೆಸಿದರೆ ವೀರ್ಯಾಣುಗಳು ಹೆಪ್ಪುಗಟ್ಟಿಸಿದ ಮೇಲೆಯೂ ಬದುಕುವುದನ್ನು ಕಂಡುಹಿಡಿದರು. ೧೯೫೩ರಲ್ಲಿ ಅಮೆರಿಕದ ಅಯೋವಾದಲ್ಲಿ ಬಂಜ್, ಶೆರ್ಮನ್ ಇವರು ಇಂತಹ ವೀರ್ಯದಿಂದ ಮಾನವ ಗರ್ಭಧಾರಣೆಯಾದುದನ್ನು ವರದಿಮಾಡಿದರು. ಆದರೂ ಹೆಪ್ಪುಗಟ್ಟಿಸಿ ಕರಗಿಸುವಾಗ ವೀರ್ಯಾಣುಗಳ ಒಂದು ಭಾಗ ಚಲನಶಕ್ತಿಯನ್ನು ಕಳೆದುಕೊಳ್ಳುವುದರಿಂದ ಅನೇಕ ವೈದ್ಯರು ಹೊಸ ವೀರ್ಯವನ್ನೇ ಮೆಚ್ಚುತ್ತಿದ್ದರು. ೧೯೮೫ರಲ್ಲಿ ಆಸ್ಟ್ರೇಲಿಯದಿಂದ ಬಂದ ವರದಿಯೊಂದು ಈ ಲೆಕ್ಕಾಚಾರವನ್ನು ಬದಲಾಯಿಸಿತು: ಒಬ್ಬನೇ ದಾನಿಯಿಂದ ನಾಲ್ವರು ಸ್ತ್ರೀಯರಿಗೆ ಏಡ್ಸ್ ರೋಗದ ವೈರಾಣು ತಗುಲಿದ್ದಿತು. ತರುವಾಯ ವೀರ್ಯವನ್ನು ಹೆಪ್ಪುಗಟ್ಟಿಸಿಟ್ಟು, ಕೆಲವು ತಿಂಗಳ ಮೇಲೆ ದಾನಿಯನ್ನು ಪುನಃ ಪರೀಕ್ಷಿಸಿ ಬಳಸುವ ಪದ್ಧತಿಯು ರೂಢಿಗೆ ಬಂದಿತು. ಯಶಸ್ಸಿನ ಪ್ರಮಾಣ ತುಸು ತಗ್ಗಿದರೂ ಸರಿಯೆ, ತಾಯಿಯ ಕ್ಷೇಮ ಮುಖ್ಯವೆಂಬ ನಿರ್ಣಯವಿದು.

ಮೂರನೆಯದಾದ ವಯಸ್ಸಿನ ವಿಷಯದಲ್ಲಿ ಫ್ರಾನ್ಸ್ ದೇಶದ ನಿದರ್ಶನವು ಅತ್ಯಂತ ಬೋಧಪ್ರದವಾಗಿದೆ. ೧೯೭೩ರಲ್ಲಿ ಜಾರ್ಜ್ ದವೀದ್ ಸ್ಥಾಪಿಸಿದ ಸೆಕೋಸ್ ಎಂಬ ವೀರ್ಯ ಭಂಡಾರದ ಮಾದರಿಯಲ್ಲಿ ಅನೇಕ ಕೇಂದ್ರಗಳು ಹುಟ್ಟಿದವು. ಇವುಗಳ ದಾಖಲೆಗಳಿಂದ ಶ್ವಾರ್ಟ್ಜ್, ಮಾಯೋ ಇವರು ೨,೧೯೩ ಸ್ತ್ರೀಯರ ವೃತ್ತಾಂತವನ್ನು ೧೯೮೨ರಲ್ಲಿ ಪ್ರಕಟಿಸಿದರು. ಇವರೆಲ್ಲರ ಪತಿಯರಲ್ಲಿಯೂ ವೀರ್ಯಾಣುಗಳು ಇರಲೇ ಇಲ್ಲ. ಹೀಗಾಗಿ ಪತಿಯ ವಯಸ್ಸು, ದಾಂಪತ್ಯದ ನಿಕಟತೆ ಮುಂತಾದುವು ಲೆಕ್ಕದಿಂದ ಹೊರಗುಳಿದು, ಸ್ತ್ರೀಯ ವಯಸ್ಸಿನ ಪ್ರಭಾವವೊಂದನ್ನೇ ಅಳೆಯುವುದು ಸಾಧ್ಯವಾಯಿತು. ಹನ್ನೆರಡು ಋತುಚಕ್ರಗಳ ತರುವಾಯ ಒಟ್ಟು ಯಶಸ್ಸು ೨೫ ವರ್ಷದವರೆಗಿನವರಲ್ಲಿ ಶೇಕಡ ೭೩.೦, ೨೬ರಿಂದ ೩೦ರವರಲ್ಲಿ ೭೪.೧, ೩೧ರಿಂದ ೩೫ರವರಲ್ಲಿ ೬೧.೫, ೩೫ನ್ನು ದಾಟಿದವರಲ್ಲಿ ೫೩.೬ ಆಗಿದ್ದಿತು.

ಈ ಅಂಕಿಗಳಿಂದ, ಉದ್ಯೋಗಸ್ಥ ಸ್ತ್ರೀಯರು ಮೂವತ್ತಕ್ಕೆ ಮೊದಲೇ ತಾಯಂದಿರಾಗಬೇಕೆಂಬ ಉಪದೇಶವು ಕೆಲವರಿಂದ ಹೊರಟಿತು. ಜನಸಂಖ್ಯಾಶಾಸ್ತ್ರಜ್ಞ ಬೊಂಗಾರ್ಟ್ಸ್ ಅದೇ ವರ್ಷ ಇದನ್ನು ಆಕ್ಷೇಪಿಸಿದನು. ಕೃತಕ ವಿಧಾನದಲ್ಲಿ ಗರ್ಭ ನಿಲ್ಲುವುದು ಸಹಜ ದಾಂಪತ್ಯದಲ್ಲಿದ್ದಕ್ಕಿಂತ ನಿಧಾನ. ವರ್ಷದೊಳಗೆ ಗರ್ಭ ನಿಲ್ಲದವಳನ್ನು ಬಂಜೆಯೆಂದು ಎಣಿಸುವುದು ಯುಕ್ತವಲ್ಲ ಎಂಬುದು ಅವನ ವಾದದ ಸಾರ. ವಯಸ್ಸಿನ ಪ್ರಭಾವವು ಸತ್ಯ. ಆದರೆ ಚಿಕಿತ್ಸಾಲಯದ ಅಂಕಿಗಳನ್ನು ಇಡೀ ಸಮಾಜಕ್ಕೆ ಅನ್ವಯಿಸುವಾಗ ಎಚ್ಚರ ಅಗತ್ಯ.

ಯಶಸ್ಸೆಂದರೇನು ಎಂಬ ಪ್ರಶ್ನೆಯು ಕಡೆಗೂ ಉಳಿಯುತ್ತದೆ. ೧೮೮೪ರಲ್ಲಿ ಫಿಲಡೆಲ್ಫಿಯದಲ್ಲಿ ಪ್ಯಾನ್‌ಕೋಸ್ಟ್ ಎಂಬ ವೈದ್ಯನು, ಪ್ರಜ್ಞೆ ತಪ್ಪಿಸಿದ್ದ ಸ್ತ್ರೀಯೊಬ್ಬಳಿಗೆ ತನ್ನ ವಿದ್ಯಾರ್ಥಿಯ ವೀರ್ಯವನ್ನು ಸೇರಿಸಿದನೆಂದು ೧೯೦೯ರಲ್ಲಿ ಬೆಳಕಿಗೆ ಬಂದ ವೃತ್ತಾಂತವು ತಿಳಿಸುತ್ತದೆ. ಗಂಡುಮಗು ಜನಿಸಿತು, ಆದರೆ ನಡೆದುದನ್ನು ಆ ತಾಯಿಗೆ ಹೇಳಲೇ ಇಲ್ಲ. ಅಂಕಿಯ ದೃಷ್ಟಿಯಿಂದ ಇದು ಜಯವೇ ಸರಿ. ಆದರೆ ದಾನಿಯನ್ನು ತಿಳಿಯುವ ಹಕ್ಕನ್ನು ೧೯೮೫ರಲ್ಲಿ ಸ್ವೀಡನ್, ೨೦೦೫ರಲ್ಲಿ ಬ್ರಿಟನ್ ಹುಟ್ಟುವ ಮಕ್ಕಳಿಗೆ ಕೊಟ್ಟವು. ಭಾರತದಲ್ಲಿಯೂ ೨೦೨೧ರ ಅಧಿನಿಯಮವು ದಂಪತಿಗಳ ಲಿಖಿತ ಸಮ್ಮತಿಯನ್ನು ಕಡ್ಡಾಯ ಮಾಡಿದೆ. ಗರ್ಭ ನಿಂತಿತೇ ಎಂಬ ಪ್ರಶ್ನೆಯ ಜೊತೆಗೆ ಯಾರ ಒಪ್ಪಿಗೆಯಿಂದ ನಿಂತಿತು ಎಂಬುದನ್ನೂ ಕೇಳುವುದು ಇತಿಹಾಸದ ವಿದ್ಯಾರ್ಥಿಯ ಕರ್ತವ್ಯವೆಂದು ನಾವು ಭಾವಿಸುತ್ತೇವೆ.