ನೆಗಡಿಗೆ ಆ್ಯಂಟಿಬಯಾಟಿಕ್ ನುಂಗಬೇಕೇ? ಉತ್ತರ ಬ್ಯಾಕ್ಟೀರಿಯಾ ಕೋಶದೊಳಗಿದೆ

ಮಳೆಗಾಲ ಶುರುವಾದರೆ ಸಾಕು, ಫ್ಯಾಮಿಲಿ ಗ್ರೂಪ್‌ಗಳಲ್ಲಿ ಒಂದು ಬಗೆಯ ಸಂದೇಶ ಸುತ್ತತೊಡಗುತ್ತದೆ: "ನೆಗಡಿ, ಗಂಟಲು ನೋವಿಗೆ ಡಾಕ್ಟರ್ ಬಳಿ ಹೋಗಬೇಕಿಲ್ಲ. ಮೆಡಿಕಲ್ ಶಾಪ್‌ನಲ್ಲಿ ಅಜಿಥ್ರೋಮೈಸಿನ್ ತೆಗೆದುಕೊಳ್ಳಿ, ಮೂರು ದಿನಕ್ಕೆ ಮಾಯ. ಎಲ್ಲರಿಗೂ ಶೇರ್ ಮಾಡಿ." ಮಾತ್ರೆಯ ಹೆಸರು ಬದಲಾಗಬಹುದು, ಸಲಹೆ ಮಾತ್ರ ಅದೇ. ಇದು ಸರಿಯೇ?

ಸರಿಯಲ್ಲ. ನೆಗಡಿ ಬರುವುದು ವೈರಸ್‌ನಿಂದ. ಆ್ಯಂಟಿಬಯಾಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಮೇಲೆ. ಏಕೆ ಹೀಗೆ ಎಂದು ತಿಳಿಯಲು ಬ್ಯಾಕ್ಟೀರಿಯಾ ಕೋಶದಲ್ಲಿ ಏನೇನಿದೆ ಎಂದು ನೋಡೋಣ.

ಒಂದೇ ಕೋಶ, ಪೂರ್ತಿ ಜೀವಿ

ಬ್ಯಾಕ್ಟೀರಿಯಾ ಎಂದರೆ ಒಂದೇ ಕೋಶದ ಜೀವಿ. ನಮ್ಮ ಕರುಳಿನಲ್ಲಿರುವ ಇ. ಕೋಲೈ ಸುಮಾರು 2 ಮೈಕ್ರೋಮೀಟರ್ ಉದ್ದವಿರುತ್ತದೆ. ಇಂಥ 500 ಕೋಶಗಳನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್ ಆಗುತ್ತದೆ. ಇಷ್ಟು ಚಿಕ್ಕದಾದರೂ ಆಹಾರ ಹೀರಿಕೊಳ್ಳುವುದು, ಶಕ್ತಿ ತಯಾರಿಸುವುದು, ಎರಡಾಗಿ ಸೀಳಿ ಹೆಚ್ಚುವುದು ಎಲ್ಲವನ್ನೂ ಅದೇ ಮಾಡಿಕೊಳ್ಳುತ್ತದೆ. ವೈರಸ್‌ಗೆ ಇದು ಸಾಧ್ಯವಿಲ್ಲ. ಅದು ನಮ್ಮ ಕೋಶದೊಳಗೆ ನುಗ್ಗಿ, ನಮ್ಮದೇ ಯಂತ್ರ ಬಳಸಿ ಹೆಚ್ಚುತ್ತದೆ.

ಹೊರಗೆ ಗೋಡೆ

ಬ್ಯಾಕ್ಟೀರಿಯಾದ ಒಳಭಾಗವನ್ನು ತೆಳುವಾದ ಕೋಶಪೊರೆ ಸುತ್ತಿರುತ್ತದೆ. ಏನು ಒಳಬರಬೇಕು, ಏನು ಹೊರಹೋಗಬೇಕು ಎಂದು ನೋಡಿಕೊಳ್ಳುವುದು ಈ ಪೊರೆ. ಅದರ ಹೊರಗೆ ಪೆಪ್ಟಿಡೋಗ್ಲೈಕನ್ ಎಂಬ ವಸ್ತುವಿನಿಂದ ಹೆಣೆದ ಗಟ್ಟಿ ಗೋಡೆ ಇರುತ್ತದೆ. ಒಳಗೆ ನೀರಿನ ಒತ್ತಡ ಹೆಚ್ಚಿದಾಗ ಕೋಶ ಒಡೆಯದಂತೆ ತಡೆಯುವುದು ಈ ಹೆಣಿಗೆಯೇ.

1884ರಲ್ಲಿ ಡೆನ್ಮಾರ್ಕ್‌ನ ವೈದ್ಯ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಮ್ ಬ್ಯಾಕ್ಟೀರಿಯಾಗಳಿಗೆ ಬಣ್ಣ ಹಾಕುವ ವಿಧಾನವೊಂದನ್ನು ಪ್ರಕಟಿಸಿದರು. ದಪ್ಪ ಗೋಡೆಯವು ನೇರಳೆಯಾಗಿ ಉಳಿಯುತ್ತವೆ. ತೆಳು ಗೋಡೆಯ ಮೇಲೆ ಇನ್ನೊಂದು ಪೊರೆ ಇರುವಂಥವು ಗುಲಾಬಿಯಾಗಿ ಕಾಣುತ್ತವೆ. ಲ್ಯಾಬ್ ರಿಪೋರ್ಟ್‌ನಲ್ಲಿ 'ಗ್ರಾಮ್ ಪಾಸಿಟಿವ್', 'ಗ್ರಾಮ್ ನೆಗೆಟಿವ್' ಎಂದು ಬರೆಯುವುದು ಇದನ್ನೇ.

ಅಲೆಕ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಕಂಡುಹಿಡಿದ ಪೆನಿಸಿಲಿನ್ ಈ ಗೋಡೆಯ ಹೆಣಿಗೆಯನ್ನು ತಡೆಯುತ್ತದೆ. ಗೋಡೆ ದುರ್ಬಲವಾಗಿ ಕೋಶ ಒಡೆಯುತ್ತದೆ. ಅಮಾಕ್ಸಿಸಿಲಿನ್ ಸಹ ಇದೇ ಕುಟುಂಬದ ಔಷಧಿ. ಮನುಷ್ಯನ ಕೋಶಗಳಿಗೆ ಇಂಥ ಗೋಡೆಯೇ ಇಲ್ಲ, ವೈರಸ್‌ಗೂ ಇಲ್ಲ. ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾಕ್ಕೂ ಗೋಡೆ ಇಲ್ಲದ್ದರಿಂದ ಅದರ ಮುಂದೆ ಪೆನಿಸಿಲಿನ್ ಆಟ ನಡೆಯುವುದಿಲ್ಲ.

ಒಳಗೆ ಕಾರ್ಖಾನೆ

ಕೋಶಕ್ಕೆ ಬೇಕಾದ ಪ್ರೋಟೀನ್‌ಗಳನ್ನು ತಯಾರಿಸುವುದು ರೈಬೋಸೋಮ್. ನಮ್ಮ ಕೋಶಗಳಲ್ಲೂ ಇವು ಇವೆ, ಆದರೆ ಬ್ಯಾಕ್ಟೀರಿಯಾದ ರೈಬೋಸೋಮ್ ಗಾತ್ರ, ರಚನೆ ಎರಡರಲ್ಲೂ ಬೇರೆ. ಅಜಿಥ್ರೋಮೈಸಿನ್, ಡಾಕ್ಸಿಸೈಕ್ಲಿನ್ ಅಂಟಿಕೊಂಡು ಕೆಲಸ ನಿಲ್ಲಿಸುವುದು ಈ ಬ್ಯಾಕ್ಟೀರಿಯಾ ರೈಬೋಸೋಮನ್ನು. ರೈಬೋಸೋಮ್ ರಚನೆಯನ್ನು ಬಿಡಿಸಿಟ್ಟಿದ್ದಕ್ಕೆ ತಮಿಳುನಾಡಿನ ಚಿದಂಬರಂನಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಇನ್ನಿಬ್ಬರೊಂದಿಗೆ 2009ರ ರಸಾಯನಶಾಸ್ತ್ರ ನೊಬೆಲ್ ಪಡೆದರು.

ವೈರಸ್‌ಗೆ ಸ್ವಂತ ರೈಬೋಸೋಮ್ ಇಲ್ಲ. ಹಾಗಾಗಿ ನೆಗಡಿಗೆ ಅಜಿಥ್ರೋಮೈಸಿನ್ ನುಂಗಿದರೆ ಆ ಮಾತ್ರೆಗೆ ಹೊಡೆಯಲು ಗುರಿಯೇ ಸಿಗುವುದಿಲ್ಲ.

"ನಾನು ತೆಗೆದುಕೊಂಡಾಗ ವಾಸಿಯಾಯಿತಲ್ಲ?" ಎಂದು ಕೇಳುವವರಿದ್ದಾರೆ. ಸಾಮಾನ್ಯ ನೆಗಡಿ ಏಳರಿಂದ ಹತ್ತು ದಿನಗಳಲ್ಲಿ ತಾನಾಗಿಯೇ ಹೋಗುತ್ತದೆ. ಬಾಧೆ ಜಾಸ್ತಿಯಾದ ದಿನ ನಾವು ಮಾತ್ರೆ ನುಂಗುತ್ತೇವೆ, ಇಳಿಯತೊಡಗಿದಾಗ ಹೆಸರು ಮಾತ್ರೆಗೆ ಹೋಗುತ್ತದೆ.

ಡಿಎನ್‌ಎ ಮತ್ತು ಚಿಕ್ಕ ಉಂಗುರಗಳು

ಬ್ಯಾಕ್ಟೀರಿಯಾದಲ್ಲಿ ಪೊರೆ ಸುತ್ತಿದ ಕೋಶಕೇಂದ್ರ ಇರುವುದಿಲ್ಲ. ಹೆಚ್ಚಿನವುಗಳಲ್ಲಿ ಡಿಎನ್‌ಎ ಒಂದು ದೊಡ್ಡ ಉಂಗುರವಾಗಿ ಮಡಚಿಕೊಂಡಿರುತ್ತದೆ. ಇದರ ಜೊತೆಗೆ ಪ್ಲಾಸ್ಮಿಡ್ ಎಂಬ ಚಿಕ್ಕ ಡಿಎನ್‌ಎ ಉಂಗುರಗಳೂ ಇರಬಹುದು. ಅಪಾಯ ಅಡಗಿರುವುದು ಇಲ್ಲೇ. ಔಷಧಿಯನ್ನು ಎದುರಿಸುವ ಜೀನ್ ಪ್ಲಾಸ್ಮಿಡ್‌ನಲ್ಲಿದ್ದರೆ, ಒಂದು ಬ್ಯಾಕ್ಟೀರಿಯಾ ಅದರ ಪ್ರತಿಯನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೆ ದಾಟಿಸಬಲ್ಲದು. ಒಂದು ರೀತಿಯಲ್ಲಿ ಅದೂ ಫಾರ್ವರ್ಡ್ ಮೆಸೇಜ್!

ಹೆಚ್ಚುವ ವೇಗವೂ ಕಡಿಮೆಯೇನಲ್ಲ. ಅನುಕೂಲ ವಾತಾವರಣದಲ್ಲಿ ಇ. ಕೋಲೈ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಇದೇ ವೇಗದಲ್ಲಿ ಸಾಗಿದರೆ 10 ಗಂಟೆಗಳಲ್ಲಿ ಒಂದು ಕೋಶ 100 ಕೋಟಿ ದಾಟುತ್ತದೆ. ಅನಗತ್ಯವಾಗಿ ಆ್ಯಂಟಿಬಯಾಟಿಕ್ ನುಂಗಿದಾಗ ಮೈಯಲ್ಲಿರುವ ಸಾಧು ಬ್ಯಾಕ್ಟೀರಿಯಾಗಳು ಸಾಯುತ್ತವೆ, ಔಷಧಿಗೆ ಜಗ್ಗದವು ಉಳಿದು ಜಾಗ ಹಿಡಿಯುತ್ತವೆ.

"ದೇಹ ಮಾತ್ರೆಗೆ ಒಗ್ಗಿಹೋಗುತ್ತದೆ" ಎನ್ನುವುದು ತಪ್ಪು ತಿಳಿವಳಿಕೆ. ಒಗ್ಗುವುದು ನಮ್ಮ ದೇಹವಲ್ಲ, ಬ್ಯಾಕ್ಟೀರಿಯಾ. ಅದು ಮನೆಯ ಇತರರಿಗೂ ಹರಡಬಹುದು. ಆದ್ದರಿಂದ ಎಂದೂ ಆ್ಯಂಟಿಬಯಾಟಿಕ್ ಮುಟ್ಟದವರಿಗೂ ಔಷಧಿಗೆ ಜಗ್ಗದ ಸೋಂಕು ತಗುಲಬಹುದು. 'ದಿ ಲ್ಯಾನ್ಸೆಟ್' ಪತ್ರಿಕೆಯಲ್ಲಿ 2022ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ, 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಸಾವುಗಳಿಗೆ ಇಂಥ ಔಷಧಿ ನಿರೋಧಕತೆ ನೇರ ಕಾರಣ.

ಎಲ್ಲ ಬ್ಯಾಕ್ಟೀರಿಯಾ ಕೆಟ್ಟವೇ?

ಅಲ್ಲ. ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿದಾಗ ಹಾಲಿನ ಲ್ಯಾಕ್ಟೋಸನ್ನು ಲ್ಯಾಕ್ಟಿಕ್ ಆಮ್ಲವಾಗಿಸಿ ಮೊಸರು ಮಾಡುವುದು ಬ್ಯಾಕ್ಟೀರಿಯಾಗಳೇ. ಕುದಿಯುವ ಹಾಲಿಗೆ ಹಾಕಿದರೆ ಅವು ಸಾಯುತ್ತವೆ, ಹಾಲು ಹೆಪ್ಪುಗಟ್ಟುವುದಿಲ್ಲ. ನಮ್ಮ ಕರುಳಿನ ಬ್ಯಾಕ್ಟೀರಿಯಾಗಳು ವಿಟಮಿನ್ ಕೆ ಕೂಡ ತಯಾರಿಸುತ್ತವೆ.

ಹಾಗಾದರೆ ಏನು ಮಾಡಬೇಕು?

- ಟೈಫಾಯ್ಡ್, ಮೂತ್ರನಾಳದ ಸೋಂಕು, ಬ್ಯಾಕ್ಟೀರಿಯಾದಿಂದ ಬಂದ ನ್ಯುಮೋನಿಯಾಗಳಿಗೆ ಆ್ಯಂಟಿಬಯಾಟಿಕ್ ಬೇಕೇ ಬೇಕು. ಯಾವುದು, ಎಷ್ಟು ದಿನ ಎಂಬುದನ್ನು ವೈದ್ಯರು ಹೇಳಬೇಕು. ಅವರನ್ನು ಕೇಳದೆ ನಡುವೆ ನಿಲ್ಲಿಸಬೇಡಿ.
- ಸ್ಟ್ರಿಪ್ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ವೈದ್ಯರ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದ ಔಷಧಿ.
- ಹಿಂದಿನ ಸಲ ಉಳಿದ ಮಾತ್ರೆ, ಪಕ್ಕದ ಮನೆಯವರ ಮಾತ್ರೆ ನುಂಗಬೇಡಿ. ಮಕ್ಕಳಿಗಂತೂ ಕೊಡಲೇಬೇಡಿ.
- ಜ್ವರ ಮೂರು ದಿನ ದಾಟಿದರೆ ವೈದ್ಯರನ್ನು ಕಾಣಿ. ಉಸಿರಾಟಕ್ಕೆ ಕಷ್ಟವಾದರೆ ಒಂದು ದಿನವೂ ಕಾಯಬೇಡಿ.

ತೀರ್ಮಾನ: ನೆಗಡಿಗೆ ಆ್ಯಂಟಿಬಯಾಟಿಕ್ ನುಂಗಿ ಎನ್ನುವ ಸಂದೇಶ ತಪ್ಪು ಮತ್ತು ಅಪಾಯಕಾರಿ. ನಿಮ್ಮ ಗ್ರೂಪ್‌ಗೆ ಬಂದರೆ ಮುಂದೆ ಕಳುಹಿಸಬೇಡಿ.